ಎರಡು ಬೆರಳು ಫರಸಿ

ಬಂಡೆಯ ಮೇಲೇ ಊರಬೇಕು ಎಂದಿತ್ತು ಕಾಗದ.
ಸೇಡಂ ದಾಟಿದ ಮೇಲೆ ಬಂಡೆಯೆಲ್ಲ ಗಣಿಯವರ ಲೀಸಿನಲ್ಲಿ.
ಹಾಗಾಗಿ ಸಾಬಮ್ಮನ ತೊಗರಿ ಹೊಲದ ಬದುವಿಗೆ,
ಎರೆಮಣ್ಣಿನಲ್ಲೇ, ಮೂರು ಕಾಲೂರಿ
ಮೂರು ತಗಡು ಕೂಡಿದ ಒಂದು ಮೂಲೆಯನ್ನು ನಿಲ್ಲಿಸಿದೆವು
ನಾನು, ಮಶಾಕ್, ಬಾಡಿಗೆಯ ಟಂಟಂ.

"ಇದು ಏನ್ ಮಾಡ್ತದ್ರಿ?"
"ಏನೂ ಮಾಡಲ್ಲಮ್ಮ, ಸುಮ್ನ ನಿಂದಿರತದ.
ಮ್ಯಾಲಿಂದ ಯಾರರ ಕೂಗಿದ್ರ
ಕೂಗಿದೋರ ಕಡಿಗೇ ಆ ಕೂಗು ವಾಪಸ್ ಕಳಸ್ತದ."
"ನಮ್ಮತ್ತಿ ಹಂಗೇ ಇದ್ಲು," ಅಂದಳು.

ತಿಂಗಳಿಗೆ ಎಂಟುನೂರು, ಕಾಯುವುದಕ್ಕೆ.
ಕರಾರು: ಮುಟ್ಟಬಾರದು, ಕದಲಿಸಬಾರದು,
ಆಡು ಕಟ್ಟಬಾರದು, ಸೀರೆ ಒಣಹಾಕಬಾರದು.
ಸಹಿ ಮಾಡಿದಳು. ಕೊನೆಯ ಮ್ಮ
ಕಾಗದದ ಅಂಚು ದಾಟಿ ನನ್ನ ಹೆಬ್ಬೆರಳ ಮೇಲೆ ಮುಗಿಯಿತು.

ದೀಪಾವಳಿ ಕಳೆದು, ತೊಗರಿ ಹೂವಿಗೆ ಬಂದಾಗ
ಬಂತು ವಿಮಾನ.
ನೆಟ್ಟಗೆ ನೋಡುವುದಿಲ್ಲ ಅದು ನೆಲವನ್ನು,
ಓರೆಗಣ್ಣು ಅದರದು.
ಕಣ್ಣೂ ಅಲ್ಲ, ಕಿವಿ.
ಕೂಗುತ್ತ ಹೋಗುತ್ತದೆ, ಕೇಳುತ್ತ ಹೋಗುತ್ತದೆ,
ಇರುಳಿರಲಿ, ಮೋಡ ಮುಸುಕಿರಲಿ.
ಕಾಗಿಣಾದ ನಿಂತ ನೀರು ಓಗೊಡಲಿಲ್ಲ; ಚಿತ್ರದಲ್ಲಿ ಕಪ್ಪು.
ಶಾಲೆಯ ಮುಂದಿನ ಫರಸಿ ಅಂಗಳ, ಅದೂ ಕಪ್ಪು.
ನುಣುಪಾದದ್ದೆಲ್ಲ ಮಾತನ್ನು ಆಚೆ ಜಾರಿಸಿಬಿಡುತ್ತದೆ.
ಮುರಿದ ಗೋಡೆ, ಗಣಿಯ ದಂಡೆಯ ಕಲ್ಲುರಾಶಿ
ಏನೋ ಒಂದು ಉತ್ತರ ಕೊಟ್ಟವು.
ಎಲ್ಲಕ್ಕಿಂತ ಜೋರಾಗಿ, ಬೆಳ್ಳಗೆ, ಉಪ್ಪಿನ ಹರಳಿನಂತೆ
ಸಾಬಮ್ಮನ ಬದುವಿನ ಮೂಲೆ.

ವೈಶಾಖದಲ್ಲಿ ಮತ್ತೆ ಬಂತು.
ಆಗ ಹೊಲದ ಮಾತು ನಂಬುವ ಹಾಗಿಲ್ಲ,
ಅಂದು ಹೂವು, ಇಂದು ಬರೀ ಕೂಳೆ,
ಬಿರುಕಿಗೆ ಕೈ ಹಾಕಿದರೆ ಮೊಳಕೈ ತನಕ ನೆಲದ ಬಿಸಿ.
ಬದಲಾಗದ್ದು ತಗಡೊಂದೇ.
ಅಂತ ಅಂದುಕೊಂಡಿದ್ದೆವು.

ಕಲಬುರಗಿಯ ಕೋಣೆಯಲ್ಲಿ ಇಂದುಮತಿ ಮೇಡಂ
ಎರಡು ಮಾರ್ದನಿಗಳನ್ನು ಒಂದರಿಂದೊಂದು ಕಳೆದರು.
ಉಳಿದದ್ದು ಬಣ್ಣದ ಪಟ್ಟೆಗಳು, ಕೌದಿಯ ಹೊಲಿಗೆ.
ಗಣಿಯವರು ನೀರೆತ್ತುವ ಸುತ್ತೆಲ್ಲ ನೆಲ ಕೂತಿತ್ತು.
ನಡುವೆ ಒಂದೇ ಒಂದು ಚುಕ್ಕೆ ಎದ್ದಿತ್ತು,
ಇಪ್ಪತ್ತೊಂಬತ್ತು ಮಿಲಿಮೀಟರು, ಮೇಲಕ್ಕೆ.
"ಒಳಗೇನೋ ಉಬ್ಬುತ್ತಿದೆ," ಎಂದರು ಮೇಡಂ.
ಅವರ ಚಹಾದ ಮೇಲೆ ಕೆನೆ ಕಟ್ಟಿತು.

ಸಾಬಮ್ಮ ಬದುವಿನ ಮೇಲೇ ಕೂತಿದ್ದಳು.
"ವಾಲಿತ್ತರಿ. ಒಂದ್ ಕಾಲು ಬಿರುಕಿನ್ಯಾಗ ಇಳದಿತ್ತು.
ನೀವು ಬಂದ್ರ ನಾ ಕಾಯ್ದಿಲ್ಲ ಅಂತೀರಿ.
ಎತ್ತಿ, ಮೂರೂ ಕಾಲಿಗಿ ಫರಸಿ ತುಂಡು ಕೊಟ್ಟೀನಿ,
ಬಿರುಕಿನ ಕಾಲಿಗಿ ಜೋಡು.
ಬೋಗಾಣಿಯಾಗ ನೀರು ಇಟ್ಟು ಸಮ ನೋಡೀನಿ."
ಹದಿನೆಂಟು ವರ್ಷ ಮಂದಿಯ ಮನೆಗೆ
ಫರಸಿ ಹಾಸಿದ ಕೈ ಅದು.
"ಮುಟ್ಟಬಾರ್ದು ಅಂದಿದ್ವಿ," ಎಂದೆ.
"ಬಿದ್ರ ಎತ್ತಬಾರ್ದು ಅಂದಿದ್ದಿಲ್ಲಲ್ಲ."

ಮೇಡಂ ಮೊಣಕಾಲೂರಿ ಕೂತರು, ಸೀರೆಯ ನಿರಿಗೆಗೆ ಎರೆ ಮೆತ್ತಿ.
ಬಯ್ಯುತ್ತಾರೆ ಅಂದುಕೊಂಡೆ.
ಫರಸಿಯ ಅಂಚಿಗೆ ಸ್ಕೇಲ್ ಹಿಡಿದರು: ಮೂವತ್ತಾರು.
ಇಪ್ಪತ್ತೊಂಬತ್ತು ಕಳೆದರೆ
ಏಳು.
ಅಷ್ಟು ಕೂತಿದೆ, ಅವಳು ಎತ್ತಿ ಹಿಡಿದದ್ದರ ಕೆಳಗೆ, ನೆಲ.

"ಏಳು ಅಂದ್ರ ಎಷ್ಟರಿ?"
ಮಶಾಕ್ ಒಂದು ತೊಗರಿಕಾಳು ಹೆಕ್ಕಿ ತೋರಿಸಿದ,
ಇದಕ್ಕಿಂತ ತುಸು ಹೆಚ್ಚು.
ಅವಳು ಬೆರಗಾಗಲಿಲ್ಲ.
"ಖರೇ ಇರಬೇಕು. ಪುಷ್ಯದಿಂದ
ನಮ್ ಬಾಗಲಾ ಮುಚ್ಚವಲ್ದು."
ಆಚೆ ಗಣಿಯಲ್ಲಿ ಪಂಪು ನಡೆದೇ ಇತ್ತು.

ಕರಾರು ತಿದ್ದಿದೆ. ಮುಟ್ಟಬಾರದು ಎಂಬಲ್ಲಿ ಗೆರೆ ಎಳೆದು
ಮುಟ್ಟಿದರೆ ತಾರೀಖು ಬರೆದಿಡಬೇಕು, ಎಂದು ಬರೆದೆ.
ಸಾಬಮ್ಮ ಪೆನ್ನು ತಗೊಂಡಳು, ಮತ್ತೆ ಕೆಳಗಿಟ್ಟಳು.
"ಕಾಯೋದಕ ಎಂಟುನೂರು.
ಬರಿಯೋದಕ ಬ್ಯಾರೆ ಇನ್ನೂರು."