ಹೊರೆ ಹಂಚುವವನು

ಗೆದ್ದ ಕುದುರೆಯ ಬೆನ್ನಿಗೆ ಸೀಸ ಏರಿಸುವುದು,
ಸೋತದ್ದರ ಬೆನ್ನಿಂದ ಇಳಿಸುವುದು
ಇಪ್ಪತ್ತಾರು ವರ್ಷದಿಂದ ನನ್ನ ಅನ್ನ.
ಹದಿನಾಲ್ಕೂ ಒಂದೇ ಗೆರೆಯಲ್ಲಿ
ಮೂಗಿಗೆ ಮೂಗು ಸಮ ಹಿಡಿದು ಗುರಿಕಂಬ ದಾಟಿದರೆ
ಅಂದು ನಾನು ಗೆದ್ದೆ.
ಅಂಥ ದಿನ ಇನ್ನೂ ಬಂದಿಲ್ಲ.

ನನ್ನಕ್ಕ ಎನಿಡ್‌ಳದು ಇದಕ್ಕೆ ತಿರುಗಾಮುರುಗ.
ನಾನು ಸಮ ಮಾಡಿದ್ದರಲ್ಲಿ ಎಲ್ಲಿ ಬಿರುಕಿದೆ
ಹುಡುಕುತ್ತಾಳೆ, ಹೆಣಿಗೆಯಲ್ಲಿ ಜಾರಿದ ಕುಣಿಕೆ ಹುಡುಕುವ ಹಾಗೆ.
ಸಿಕ್ಕ ಕಡೆ ಎರಡು ಪೌಂಡು ಕಟ್ಟುತ್ತಾಳೆ.
ಹೆಚ್ಚಿಲ್ಲ, ಕಡಿಮೆಯಿಲ್ಲ.
ನಮ್ಮಿಬ್ಬರಲ್ಲಿ ಒಂದು ಕರಾರು:
ಓಟ ಮುಗಿಯುವ ತನಕ ಕುದುರೆಯ ಮಾತಿಲ್ಲ.
ಹೀಗಾಗಿ ರೆಡ್‌ಕಾರಿನ ಶನಿವಾರಗಳಲ್ಲಿ ನಮ್ಮದು
ಬರೀ ಗಾಳಿಯ ಮಾತು, ಮಂಡಿಯ ಮಾತು,
ತಣ್ಣಗಾದ ಉಕ್ಕಿನ ಕುಲುಮೆಯ ಮಾತು,
ಅಲ್ಲಿ ಕೆಲಸ ಕಳಕೊಂಡ ಭಾವನ ಮಾತು.
(ಅವನಿಗೆ ಕುದುರೆ ಕಂಡರೆ ಕಾಲುನೋವು;
ಕಾರಿನಲ್ಲೇ ಕೂತು ರೇಡಿಯೋ ಕೇಳುತ್ತಾನೆ.)

ಬಾಯಿ ಕಟ್ಟಬಹುದು. ಕಣ್ಣು ಕಟ್ಟುವುದು ಹೇಗೆ?
ಪ್ಯಾಡಕ್ಕಿನ ಬೇಲಿಗೆ ಎದೆ ಆನಿಸಿ ನಿಂತವಳು ಕಾಣುತ್ತಾಳೆ.
ಮೊದಲ ಸುತ್ತು ಮುಖ ನೋಡುವುದಿಲ್ಲ, ಹೆಜ್ಜೆ:
ಮುಂಗಾಲು ಬಿಟ್ಟ ಗುರುತನ್ನು ಹಿಂಗಾಲು
ದಾಟಿ ಬೀಳುತ್ತದೆಯೇ, ಎಷ್ಟು ಬೆರಳು ದಾಟಿ.
ಎರಡನೆಯ ಸುತ್ತು ತೊಡೆಸಂದಿನ ನೊರೆ,
ಬಾಲ ಹಿಡಿದ ರೀತಿ, ಕಿವಿ ಯಾರನ್ನು ಕೇಳುತ್ತಿದೆ.
ಮೂರನೆಯ ಸುತ್ತಿಗೆ ಕುದುರೆಯನ್ನೇ ಬಿಟ್ಟು
ಹಗ್ಗ ಹಿಡಿದು ನಡೆಸುವ ಹುಡುಗಿಯ ಮೊಣಕೈ.
ತಾನೂ ಮೂವತ್ತು ವರ್ಷ ಹಗ್ಗ ಹಿಡಿದವಳು.
"ಕುದುರೆ ಸುಳ್ಳು ಹೇಳೀತು, ಮೊಣಕೈ ಹೇಳಲ್ಲ."

ನನಗಿರುವುದು ಅಂಕಿ.
ಥರ್ಸ್ಕ್‌ನಲ್ಲಿ ಮೂರನೆಯದು, ಕೆಸರು ನೆಲ.
ರಿಪನ್‌ನಲ್ಲಿ ಒಂಬತ್ತನೆಯದು, ಆದರೆ ಎದುರಿಗೆ
ಗೋಡೆಯಂತೆ ನಾಲ್ಕು ಪೃಷ್ಠ, ದಾರಿ ಸಿಗಲಿಲ್ಲ.
ಸಿಕ್ಕಿದ್ದರೆ?
ಆ ಒಂದು "ದ್ದರೆ"ಗೆ ಎಷ್ಟು ತೂಕ? ಎರಡು ಪೌಂಡೇ, ಮೂರೇ?
ರಾತ್ರಿ ಹನ್ನೊಂದಕ್ಕೆ ಓಟದ ಚಿತ್ರ ಹಿಂದಕ್ಕೆ ತಿರುಗಿಸಿ
ಮತ್ತೆ ಹಿಂದಕ್ಕೆ ತಿರುಗಿಸಿ
ಒಂದು ಪ್ರಾಣಿಯ ದುರದೃಷ್ಟವನ್ನು ತೂಗುತ್ತೇನೆ.

ಅಕ್ಟೋಬರಿನ ಏಳು ಫರ್ಲಾಂಗು.
ಪ್ಯೂಟರ್ ಜಗ್‌ಗೆ ಒಂಬತ್ತು ಸ್ಟೋನ್ ಹತ್ತು ಹೊರಿಸಿದ್ದೆ,
ಬೂದು ಮೈ, ಗುಡ್ಡದಂಥ ಭುಜ, ಎಲ್ಲರ ಬಾಯಲ್ಲೂ ಅದೇ.
ಪಟ್ಟಿಯ ಕೊನೆಗೆ ಲೇಟ್ ಹೆರಿಂಗ್, ಎಂಟು ಸ್ಟೋನ್ ಒಂದು.
ಸಣಕಲು ಕಂದು ಹೆಣ್ಣು. ಹನ್ನೊಂದು ಓಟ, ಹನ್ನೊಂದು ಸೋಲು.
ಸೋತಾಗಲೆಲ್ಲ ಇಷ್ಟಿಷ್ಟು ಇಳಿಸಿದ್ದೆ,
ಕರುಣೆಯಿಂದಲ್ಲ, ಲೆಕ್ಕದಿಂದ.
ಆದರೂ ಇಳಿಸುವಾಗ ಬೆರಳಿಗೊಂದು ಹಿತ;
ಅದನ್ನು ಯಾವ ಕಾಲಮ್ಮಿನಲ್ಲಿ ಬರೆಯಲಿ?

ಎನಿಡ್ ಕೊಡೆಯ ತುದಿ ಹುಲ್ಲಿಗೆ ಚುಚ್ಚಿ
ಕಿತ್ತು, ಮಣ್ಣು ಮೂಸಿ,
"ಗಾಳಿ ಸಮುದ್ರದ ಕಡೆಯಿಂದ," ಎಂದಳು.
ಕರಾರು ಮುರಿಯಲಿಲ್ಲ. ಮುರಿಯದೆ ಮುರಿದಳು.

ಕೊನೆಯ ಫರ್ಲಾಂಗಿನಲ್ಲಿ, ದೇವರಾಣೆ,
ಒಂಬತ್ತು ಕುದುರೆ ಒಂದೇ ಸಾಲು.
ನನ್ನ ಇಪ್ಪತ್ತಾರು ವರ್ಷ ಕಾಲು ಬಂದು ಓಡುತ್ತಿದ್ದಂತೆ
ಒಂಬತ್ತು ಟೋಪಿ, ಒಂದು ದಾರ.
ಉಸಿರು ಹಿಡಿದು ಹಾಗೇ ಇರಲಿ ಅನ್ನಬೇಕಾದವನು
"ಹೋಗೇ, ಹೆರಿಂಗ್, ಹೋಗೇ!"
ಯಾರ ಗಂಟಲು ಇದು ಎಂದು ತಿರುಗಿ ನೋಡಿದೆ.
ನನ್ನದೇ.

ಕತ್ತಿನಷ್ಟು ಅಂತರದಲ್ಲಿ ಹೋದಳು.

ಎನಿಡ್‌ಳ ಚೀಟಿ ಆರನೆಯ ನಂಬರಿನದು.
"ಹೆರಿಂಗಿನ ಹುಡುಗಿಯ ಮೊಣಕೈ ಬಿಗಿದಿತ್ತು," ಅಂದಳು,
"ಅದಕ್ಕೇ ಬಿಟ್ಟೆ."
ಗೆದ್ದವರ ಕಟಕಟೆಯಲ್ಲಿ ಆ ಹುಡುಗಿ
ಕುದುರೆಯ ಕತ್ತಿಗೆ ಹಣೆ ಒತ್ತಿ ಅಳುತ್ತಿದ್ದಳು,
ಗೆಲುವಿನ ಅಳುವಲ್ಲ. ಮನೆಯದೇನೋ.
ಮೊಣಕೈ ನಿಜವನ್ನೇ ಹೇಳಿತ್ತು. ಕುದುರೆಯದಲ್ಲ, ಅಷ್ಟೇ.

ಕಾರಿನಲ್ಲಿ ಭಾವ ಕೇಳಿದ, ಎಷ್ಟು ಹೋಯಿತು?
ಎರಡು, ಅಂದಳು.
ನನ್ನನ್ನು ಅವನು ಕೇಳಲಿಲ್ಲ.

ಸೋಮವಾರ ಹೆರಿಂಗಿಗೆ ಐದೋ ಆರೋ ಏರಿಸಬೇಕು.
ಪೆನ್ಸಿಲು ಹಿಡಿದು ಕೂತಿದ್ದೇನೆ,
ಚಹಾ ಆರುತ್ತಿದೆ.