ಇಲ್ಲಿ ಅಂದ್ರೆ ಎಲ್ಲಿ

ಮಂಡ್ಯದ ನೀರಾವರಿ ಕಚೇರಿ, ಎರಡನೇ ಮಹಡಿ.
ಹಾಕಿದರೆ ಕಡತ ಹಾರುತ್ತದೆಂದು
ಫ್ಯಾನು ನಿಲ್ಲಿಸಿದ ಕೋಣೆ.
ನಾನು ಹೊರಗುತ್ತಿಗೆಯವನು, ಮೂರು ತಿಂಗಳ ಆದೇಶ:
ನಾಲೆಗೆ ನೀರು ಬಿಡುವ ಸರದಿ ತಿಳಿಸುವ ವೆಬ್‌ಸೈಟು,
ಸರಿಮಾಡು.

ಸರಿಯಾಗೇ ಇದೆಯಲ್ಲ, ಅಂದುಕೊಂಡೆ ಮೊದಲ ದಿನ.
ನೀಲಿ ಅಂಚು, ತಂತಾನೇ ಜರುಗುವ ಚಿತ್ರ,
ಮೂಲೆಯಲ್ಲಿ ಗಿರಗಿರ ಲಾಂಛನ.

ಎರಡನೇ ದಿನ ಬಂದರು ಹೊಂಬಾಳಮ್ಮ,
ಕೊನೇಭಾಗದ ನೀರು ಬಳಕೆದಾರರ ಸಂಘದ ಕಾರ್ಯದರ್ಶಿ.
ಮಡಿಸಿದ ಬಿಳಿಕೋಲು ಚೀಲದೊಳಗೆ,
ಚೀಲದ ಬಾಯಲ್ಲಿ ಸಬ್ಬಸಿಗೆ ಸೊಪ್ಪು.
ಫೋನನ್ನು ಮೇಜಿನ ಮೇಲಿಟ್ಟು
“ಕೇಳಪ್ಪ ನಿಮ್ಮ ಕೆಲಸಾನ” ಅಂದರು.

ಫೋನು ಓದತೊಡಗಿತು
ಬಾಯಲ್ಲಿ ಬಿಸಿಮುದ್ದೆ ಇಟ್ಟುಕೊಂಡವರ ಹಾಗೆ:
ಕೊಂಡಿ, ಇಲ್ಲಿ ಒತ್ತಿ.
ಕೊಂಡಿ, ಇಲ್ಲಿ ಒತ್ತಿ.
ಚಿತ್ರ, ಐ ಎಂ ಜಿ ಸೊನ್ನೆ ಸೊನ್ನೆ ನಾಲ್ಕು.
ಕೊಂಡಿ, ಇಲ್ಲಿ ಒತ್ತಿ.
ಕೊಂಡಿ.
ಅಷ್ಟೆ. ಬರೀ ಕೊಂಡಿ. ಅದರಾಚೆ ಉಸಿರಿಲ್ಲ.

“ಇಲ್ಲಿ ಅಂದ್ರೆ ಎಲ್ಲಿ?
ಮುನ್ನೂರು ಮನೆಗೆ ಫೋನ್ ಮಾಡಿ ಹೇಳೋಳು ನಾನು.
ನಿಮ್ಮ ಗದ್ದೆಗೆ ನೀರು ‘ಇಲ್ಲಿ’ ಅಂತ ಹೇಳ್ಲಾ?”

ಆಮೇಲೆ, ಕೋಪ ಇಳಿದ ಮೇಲೆ:
“ನಮ್ಮಪ್ಪ ನೀರುಗಂಟಿ ಕಣಪ್ಪ.
ರಾತ್ರಿ ಹೊತ್ತು ನನ್ನ ಕೈ ಹಿಡ್ಕಂಡು ಏರಿ ಮೇಲೆ ನಡೆಸೋನು.
ಕತ್ತಲು ಅವನಿಗೆ ತಾನೆ, ನನಗೇನು.
ಒಂದೊಂದು ತೂಬಿಗೂ ಒಂದೊಂದು ಹೆಸರು.
ಹೊಂಗೆಮರದ ತೂಬು. ಜಗಳದ ತೂಬು.
ನೀರು ಬರೋ ಮುಂಚೆ ಗಂಟಲು ಸರಿಮಾಡ್ಕಳೋದು
ಕೆಮ್ಮೋ ತೂಬು.
ಹೆಸರು ಕೇಳಿದ್ರೆ ಸಾಕು, ಕಾಲಿಗೆ ದಾರಿ ಗೊತ್ತು.”

ಆ ಸಂಜೆ ಕಿಟಕಿಯಲ್ಲಿ ಕಾಕಂಬಿಯ ವಾಸನೆ.
ಪುಟದ ಬೆನ್ನು ಬಿಚ್ಚಿ ನೋಡಿದೆ.
ತೆರೆದು ಮುಚ್ಚದೆ ಹೋದ ಟ್ಯಾಗುಗಳು,
ಒಂದರ ಹೊಟ್ಟೆಯಲ್ಲಿ ಇನ್ನೊಂದು ಸಿಕ್ಕಿಕೊಂಡು.
ತಲೆಬರಹವೆಂದು ಬರೀ ದಪ್ಪ ಮಾಡಿಟ್ಟ ಸಾಲು:
ಕಣ್ಣಿಗೆ ಯಜಮಾನ, ಕಿವಿಗೆ ದಾರಿಹೋಕ.
ರೈತರ ಖಾತೆ ಸಂಖ್ಯೆ ಕೇಳುವ ಚೌಕಕ್ಕೆ
ತಾನು ಏನು ಕೇಳುತ್ತಿದ್ದೇನೆಂದೇ ತಿಳಿಯದು.
ನೆತ್ತಿಯ ಮೇಲೆ, ಯಾರೂ ಓದದ ಮೊದಲ ಸಾಲಿನಲ್ಲಿ,
ಈ ಪುಟದ ಭಾಷೆ ಇಂಗ್ಲಿಷು ಅಂತ ಒಂದು ಸುಳ್ಳು.
ಎರಡು ಅಕ್ಷರದ ಸುಳ್ಳು. ಒಂದನ್ನು ಬದಲಿಸಿದೆ,
ಫೋನು ಮುದ್ದೆ ನುಂಗಿ ಮಾತಾಡಿತು.

ಹನ್ನೆರಡು ದಿನ.
ಪ್ರತಿ ‘ಇಲ್ಲಿ’ಯನ್ನೂ ಅಳಿಸಿ
ಅದು ಹೋಗುವ ಊರನ್ನು ಅದರ ಮೇಲೇ ಬರೆದೆ.
ಮಾಸಲು ಬೂದಿ ಅಕ್ಷರಕ್ಕೆ ಮಸಿ ಕುಡಿಸಿದೆ,
ಅಡಿಗೆರೆ ಎಳೆದೆ.
ಸಾಹೇಬರು ಬಂದು ಪರದೆ ಇಣುಕಿ
“ಕಾಣೋದೇನೂ ಬದಲಾಗಿಲ್ಲವಲ್ರೀ” ಅಂದರು.
ಹೌದು ಸಾರ್, ಅಂದೆ.

ಸೊನ್ನೆ ಸೊನ್ನೆ ನಾಲ್ಕು ಮಾತ್ರ ಉಳಿದಿತ್ತು.
ಹೊಂಬಾಳಮ್ಮನಿಗೆ ಫೋನು ಹಚ್ಚಿದೆ.
ಬಾಗಿನ ಬಿಡ್ತಿರೋ ಫೋಟೊ ಅಮ್ಮ, ಏನಂತ ಬರೀಲಿ?
“ನೀರು ಎಷ್ಟು ಕಾಣ್ತದೆ ಅದ್ರಲ್ಲಿ?”
ಹುಡುಕಿದೆ. ಶಾಲು, ಪೇಟ, ಮೈಕು,
ಒಬ್ಬರ ಭುಜದ ಮೇಲಿಂದ ಇನ್ನೊಬ್ಬರ ಮುಖ.
ನೀರು ಕಾಣಲ್ಲ, ಅಂದೆ.
“ಹಂಗಾದ್ರೆ ಖಾಲಿ ಬಿಡು ಮಗ,
ಫೋನು ಸುಮ್ಮನೆ ದಾಟ್ಕಂಡು ಹೋಗ್ಲಿ.”

ಇನ್ನೂ ಒಂದಿದೆ, ಅಂದೆ.
‘ದೂರು ಸಲ್ಲಿಸಿ’ ಅನ್ನೋ ಕೊಂಡಿ.
ಒತ್ತಿದರೆ ಎಲ್ಲಿಗೂ ಹೋಗಲ್ಲ, ಆಚೆ ಪುಟವೇ ಇಲ್ಲ.
ಕಟ್ಟೋ ಅಧಿಕಾರ ನನಗಿಲ್ಲ.
ಪುಟ ಇನ್ನೂ ಆಗಿಲ್ಲ ಅಂತ ಪಕ್ಕದಲ್ಲೇ ಬರೆದಿದ್ದೀನಿ.

ಆ ಕಡೆ ಸ್ವಲ್ಪ ಹೊತ್ತು ಬರೀ ಕೋಳಿಗಳ ಸದ್ದು.
“ಬರಲ್ಲ ಅನ್ನೋದನ್ನ ಬರಲ್ಲ ಅಂತ
ಮುಂಚೇನೇ ಕೂಗಿ ಹೇಳೋದೂ
ನೀರುಗಂಟಿ ಕೆಲಸಾನೇ ಕಣಪ್ಪ,” ಅಂದು,
“ಇಡ್ತೀನಿ. ಜಗಳದ ತೂಬಿನೋರಿಗೆ ಇನ್ನೂ ಹೇಳಿಲ್ಲ.”