ಮೊಲದ ಹುಲ್ಲು

ಮಲಗುವ ಕೋಣೆಯ ಬಾಗಿಲನ್ನು ಕೀಲಿನಿಂದಲೇ ಎತ್ತಿ ತಂದ
ಗಿಂತರಸ್ ಮಾವ,
ಒಂದು ತುದಿ ಅಡುಗೆಮನೆ ಮೇಜಿನ ಮೇಲೆ,
ಇನ್ನೊಂದು ಹೊಲಿಗೆ ಯಂತ್ರದ ಮೇಲೆ ಇಟ್ಟು
"ಹದಿನೈದು ಜನ ಧಾರಾಳ" ಎಂದ.
ಹಿಡಿಕೆ ಬಿಚ್ಚಲು ಮಾತ್ರ ಆಗಲಿಲ್ಲ.
ಬಿಳಿ ಬಟ್ಟೆಯಡಿ ಗುಬುಟಾಗಿ ಉಳಿಯಿತು;
ಅಲ್ಲಿ ಕೂತವರ ಸಾರು ಇಡೀ ರಾತ್ರಿ ಒಂದೇ ಕಡೆಗೆ ವಾಲಿತು.

ಕೌನಸ್ ನಗರ, ಒಂಬತ್ತನೇ ಮಹಡಿ,
ಮಂಗಳವಾರದಿಂದ ಲಿಫ್ಟು ಕೆಟ್ಟಿದೆ.
ಹೆರಿಂಗ್ ಮೀನಿನ ಡಬ್ಬಿ, ಬೀಟ್ರೂಟು, ಒಣಗಿದ ಅಣಬೆಯ ಸರ,
ಎಂಬತ್ತೊಂದರ ಬ್ರೋನ್ಯೆ ಅಜ್ಜಿ,
ಎಲ್ಲ ಮೆಟ್ಟಿಲು ಹತ್ತಿಯೇ ಬಂದವು.
ಅಜ್ಜಿ ಪ್ರತಿ ಮಹಡಿಯಲ್ಲೂ ನಿಂತಳು,
ಸುಸ್ತಾಗಿ ಅಲ್ಲವಂತೆ,
ಯಾರ ಮನೆಯ ಎಲೆಕೋಸು ಹೊತ್ತಿದೆ ಎಂದು ಮೂಸಲು.

ಮೇಜುಬಟ್ಟೆಯಡಿ ಹುಲ್ಲು ಹಾಸಬೇಕು, ಗೋದಲಿಯ ನೆನಪಿಗೆ.
ಊರಲ್ಲಾದರೆ ಕೊಟ್ಟಿಗೆಗೆ ಕೈ ಹಾಕಿದರಾಯಿತು.
ಇಲ್ಲಿ ನಾನು ಸಾಕುಪ್ರಾಣಿ ಅಂಗಡಿಯಿಂದ ತಂದೆ,
ಪೊಟ್ಟಣದ ಮೇಲೆ ಬಿಳಿ ಮೊಲದ ಚಿತ್ರ.
ಅಜ್ಜಿ ಮೂಸಿದಳು.
"ಹೂವು ಬೇರೆ ಬೆರೆಸಿದ್ದಾರೆ. ಮೊಲಗಳಿಗೆ ಬಂದ ಕಾಲ ನೋಡು."

ಮೊದಲ ನಕ್ಷತ್ರ ಕಾಣುವವರೆಗೆ ಯಾರೂ ಉಣ್ಣುವಂತಿಲ್ಲ.
ಬೆಳಗಿನಿಂದ ಮಂಜು, ಆಕಾಶವೆಂಬುದೇ ಇಲ್ಲ.
ಹದಿನಾಲ್ಕು ತಿಂಗಳ ಸ್ಮಿಲ್ತೆಯನ್ನು ಕೋಟಿನೊಳಗೆ ಸುತ್ತಿ
ಬಾಲ್ಕನಿಗೆ ಒಯ್ದೆ.
ಕಟ್ಟುತ್ತಿರುವ ಕಟ್ಟಡದ ಕ್ರೇನ್ ತುದಿಯಲ್ಲಿ ಕೆಂಪು ದೀಪ.
ಅವಳು ಬೆರಳು ಚಾಚಿದಳು: "ತೆ!"

ಅವಳಿಗೆ ಬರುವುದು ಅದೊಂದೇ ಮಾತು.
'ತಗೋ' ಎಂದು ಅರ್ಥ ನಮ್ಮಲ್ಲಿ.
ಕೊಡುವಾಗ ತೆ, ಕಸಿಯುವಾಗ ತೆ,
ಬಿದ್ದಾಗ ನೆಲಕ್ಕೆ ತೆ.
"ಕಂಡಿತಂತೆ!" ಎಂದು ಒಳಗೆ ಕೂಗಿದೆ.
ಹಸಿದ ಹದಿನೈದು ಜನ ಸಾಕ್ಷಿ ಕೇಳಲಿಲ್ಲ.

ಹನ್ನೆರಡು ಬಗೆ ಆಗಬೇಕು, ಹಾಲು ಮಾಂಸ ಸೋಕದೆ.
ಎಣಿಸಿದರೆ ಹನ್ನೊಂದು.
ಮಾವ ಸಾಸಿವೆಯ ಬಟ್ಟಲನ್ನು ನಡುವಿಗೆ ತಳ್ಳಿದ.
ಒಬ್ಬೊಬ್ಬರೂ ಇನ್ನೊಬ್ಬರ ಕೈಯಿಂದ
ಹಪ್ಪಳದಷ್ಟು ತೆಳ್ಳನೆಯ ರೊಟ್ಟಿ ಮುರಿದುಕೊಂಡೆವು,
ವರ್ಷದಿಂದ ಮಾತು ಬಿಟ್ಟ ನನ್ನ ಇಬ್ಬರು ಅಣ್ಣಂದಿರೂ,
ಮುಖ ನೋಡದೆ, ಆದರೂ ಮುರಿದರು.

ಒಂದು ಕುರ್ಚಿ ಖಾಲಿ ಇತ್ತು. ಪ್ರಾನಸ್ ಅಜ್ಜನದು.
ತಟ್ಟೆ, ಮೊಂಬತ್ತಿ, ಫರ್ ಮರದ ಒಂದು ಟಿಸಿಲು.
ಮಗುವಿಗೆ ಜಾಗವಿರಲಿಲ್ಲ.
ನಾವೆಲ್ಲ ಅತ್ತಿತ್ತ ನೋಡುತ್ತಿದ್ದಾಗ ಅಜ್ಜಿ
ಬೆಂಕಿ ಎಟುಕದಂತೆ ಮೊಂಬತ್ತಿ ಸರಿಸಿ
"ಅಲ್ಲೇ ಕೂರಿಸು" ಎಂದಳು,
"ಹೋದ ವರ್ಷವೂ ಅವನ ತೊಡೆಯ ಮೇಲೇ ಇದ್ದಳಲ್ಲ."

ಊಟವಾದ ಮೇಲೆ ಕಡ್ಡಿ ಎಳೆಯುವ ಆಟ.
ಬಟ್ಟೆಯಡಿ ಕೈ ಹಾಕಿ, ನೋಡದೆ, ಒಂದೇ ಒಂದು.
ಉದ್ದ ಬಂದರೆ ದೀರ್ಘಾಯಸ್ಸು.
ಮಾವನಿಗೆ ಡೊಂಕು ಕಡ್ಡಿ, ಎಲ್ಲರೂ ನಕ್ಕರು.
ಬೇಸಿಗೆಯಿಡೀ ಆಸ್ಪತ್ರೆಯಲ್ಲಿದ್ದ ದಂಗುವೋಲೆ ಚಿಕ್ಕಮ್ಮ,
ತಲೆಗೆ ನೀಲಿ ಸ್ಕಾರ್ಫ್,
ಎಳೆದದ್ದು ಹೆಬ್ಬೆರಳಿನುದ್ದ.

ಯಾರೋ ಗಸಗಸೆ ಹಾಲು ಬಡಿಸಲು ಎದ್ದರು.
ಯಾರೋ ಉಪ್ಪು ಕೇಳಿದರು, ಸಿಹಿಗೆ.

ಆಗ ಸ್ಮಿಲ್ತೆ ಎರಡೂ ಕೈ ಬಟ್ಟೆಯಡಿ ತುರುಕಿ
ಬಾಚಿದಳು.
ಲೋಟ ಉರುಳಿತು, ಕ್ರ್ಯಾನ್‌ಬೆರಿ ಗಂಜಿ ಹರಿಯಿತು,
ಒಣ ಹೂವು, ಪುಡಿ, ಮುಷ್ಟಿ ತುಂಬ ಹುಲ್ಲು,
ಬಾಯಲ್ಲೂ ಒಂದೆಳೆ.
ಕುರ್ಚಿಯಿಂದ ಬಗ್ಗಿ ಅಷ್ಟನ್ನೂ
ಪಕ್ಕದ ಚಿಕ್ಕಮ್ಮನ ಮಡಿಲಿಗೆ ಸುರಿದಳು:
"ತೆ."
ನಿಜ ಹೇಳಬೇಕೆಂದರೆ
ಅವಳ ಕಣ್ಣಿದ್ದದ್ದು ಚಿಕ್ಕಮ್ಮನ ಕಿವಿಯೋಲೆಯ ಮೇಲೆ.
ಮರುಕ್ಷಣ ಅದನ್ನೂ ಜಗ್ಗಿದಳು.
ಚಿಕ್ಕಮ್ಮ ಹುಲ್ಲನ್ನು ಕೊಡವಲಿಲ್ಲ.
ಮನೆಗೆ ಹೊರಟಾಗ ಕೈಚೀಲದಲ್ಲಿ ಕನ್ನಡಕದ ಡಬ್ಬಿ ಖಾಲಿ ಮಾಡಿ
ಅದರಲ್ಲಿ ತುಂಬಿಕೊಂಡಳು.

ಆ ರಾತ್ರಿ ಪಾತ್ರೆ ತೊಳೆಯುವಂತಿಲ್ಲ.
ಹೋದವರು ಬಂದು ಉಣ್ಣುತ್ತಾರೆ.
ಬಾಗಿಲಿಲ್ಲದ ಕೋಣೆಯಲ್ಲಿ ನಾವು ಒಂಬತ್ತು ಜನ ಅಡ್ಡಾದಿಡ್ಡಿ,
ಮಾವನ ಗೊರಕೆಗೆ ತಡೆಯಿಲ್ಲ,
ನನ್ನ ಪಕ್ಕೆಗೆ ಮಗುವಿನ ಹಿಮ್ಮಡಿ.

ಕ್ರಿಸ್‌ಮಸ್ ಬೆಳಗು. ಮಂಜು ಹಾಗೇ ಇದೆ.
ಅಜ್ಜಿ ಎಲ್ಲರಿಗಿಂತ ಮೊದಲು ಎದ್ದು
ಪ್ರಾನಸ್ ಅಜ್ಜನ ತಟ್ಟೆಯ ಮುಂದೆ ನಿಂತಿದ್ದಳು,
ಒಂದು ಪುಟ್ಟ ಬಿಸ್ಕತ್ತನ್ನು ಬೆಳಕಿಗೆ ಹಿಡಿದು.
ಅರ್ಧ ಕಚ್ಚಿದ್ದು. ನಾಲ್ಕು ಹಲ್ಲಿನ ಗುರುತು.
ನಾನು ಹೇಳಲು ಬಾಯಿ ತೆರೆದೆ,
ಅಜ್ಜಿ ತಿರುಗದೆಯೇ ಕೈಯೆತ್ತಿ ತಡೆದಳು.

"ಗೊತ್ತು ಕಣೇ.
ಅವನಿಗೂ ಕೊನೆಗೆ ಉಳಿದದ್ದು ನಾಲ್ಕೇ."